ವಾಲಚಂದರ ಹಡಗು, ನಾವು ಮರೆತ ಪ್ರಯಾಣಿಕರು

ಪ್ರತಿ ವರ್ಷ ಏಪ್ರಿಲ್ 5ರಂದು ದೇಶವು ರಾಷ್ಟ್ರೀಯ ಕಡಲಯಾನ ದಿನವನ್ನು ಆಚರಿಸುತ್ತದೆ. ಬಂದರು ನಗರಗಳಲ್ಲಿ ಸಭೆಗಳು ನಡೆಯುತ್ತವೆ, ಮಂತ್ರಿಗಳು ಸಂದೇಶ ನೀಡುತ್ತಾರೆ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರವಿರುವ ಹೊಸಕೋಟೆಯಲ್ಲಿ ಹುಟ್ಟಿ ಬೆಳೆದ ನನ್ನಂಥವನಿಗೆ ಈ ದಿನದೊಡನೆ ಯಾವ ಸಂಬಂಧವೂ ಇರಬೇಕಾಗಿಲ್ಲ. ಆದರೂ ಪ್ರತಿ ಏಪ್ರಿಲಿನಲ್ಲಿ ನನಗೆ ನೆನಪಾಗುವುದು ನನ್ನ ತಂದೆಯವರು ಹೇಳುತ್ತಿದ್ದ ಒಂದು ದೃಶ್ಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಹೊಸಕೋಟೆಯಿಂದ ಬೈಸಿಕಲ್ ತುಳಿದುಕೊಂಡು ಬೆಂಗಳೂರಿನ ವಿಮಾನ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದರು. ಆಗ ಬೆಳ್ಳಂದೂರು ಕೆರೆಯ ನೀರಿನ ಮೇಲೆ ದೊಡ್ಡ ದೊಡ್ಡ ವಿಮಾನಗಳು ಬಂದು ಇಳಿಯುತ್ತಿದ್ದವಂತೆ. ಅವುಗಳ ಹೊಟ್ಟೆ ದೋಣಿಯ ಆಕಾರದಲ್ಲಿತ್ತು. ಕೆರೆಯ ಏರಿಯ ಮೇಲೆ ದನ ಮೇಯಿಸುವವರು ಅವನ್ನು ಹಾರುವ ದೋಣಿಗಳೆಂದೇ ಕರೆಯುತ್ತಿದ್ದರಂತೆ. ಅವು ದುರಸ್ತಿಗಾಗಿ ಬರುತ್ತಿದ್ದ ಕ್ಯಾಟಲಿನಾ ವಿಮಾನಗಳು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಆ ಕಾರ್ಖಾನೆಯನ್ನು ಬೆಂಗಳೂರಿಗೆ ತಂದವರೂ, ಏಪ್ರಿಲ್ 5 ಎಂಬ ದಿನಾಂಕಕ್ಕೆ ಕಾರಣರಾದವರೂ ಒಬ್ಬರೇ. ಅವರು ವಾಲಚಂದ್ ಹೀರಾಚಂದ್. ಅವರ ಬದುಕನ್ನು ಸಾಮಾನ್ಯವಾಗಿ ಒಬ್ಬ ಸಾಹಸಿ ಉದ್ಯಮಿಯ ಯಶೋಗಾಥೆಯಾಗಿ ಹೇಳುತ್ತಾರೆ. ಆ ಕಥೆಯೊಳಗೆ ಇನ್ನೊಂದು ಕಥೆಯಿದೆ. ಯುದ್ಧ ಬಂದಾಗ ಸಾಮಾನ್ಯ ಜನರನ್ನು ಯಾರು, ಯಾವ ಹಡಗಿನಲ್ಲಿ ಪಾರುಮಾಡುತ್ತಾರೆ ಎಂಬ ಕಥೆ ಅದು. ನಮ್ಮ ಆಚರಣೆಗಳು ಅದನ್ನು ಮರೆತಿವೆ.

ವಾಲಚಂದರು ಜನಿಸಿದ್ದು 1882ರ ನವೆಂಬರ್ 23ರಂದು, ಸೊಲ್ಲಾಪುರದಲ್ಲಿ. ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುವ ಗಡಿನಾಡಿನ ಊರು ಅದು. ಅವರದು ಗುಜರಾತಿನಿಂದ ಬಂದು ನೆಲೆಸಿದ ದಿಗಂಬರ ಜೈನ ಮನೆತನ. ಲೇವಾದೇವಿ ಮತ್ತು ಹತ್ತಿಯ ವ್ಯಾಪಾರ ಕುಲವೃತ್ತಿ. ಮುಂಬಯಿಯ ಕಾಲೇಜಿನಲ್ಲಿ ಓದುತ್ತಿದ್ದವರು ಪದವಿ ಮುಗಿಸದೆ ವ್ಯವಹಾರಕ್ಕೆ ಇಳಿದರು. ಗದ್ದುಗೆಯ ಮೇಲೆ ಕುಳಿತು ಬಡ್ಡಿ ಎಣಿಸುವುದು ಅವರ ಸ್ವಭಾವಕ್ಕೆ ಒಗ್ಗಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕ್ ಅವರನ್ನು ಪಾಲುದಾರರನ್ನಾಗಿ ಮಾಡಿಕೊಂಡು ರೈಲುಮಾರ್ಗದ ಗುತ್ತಿಗೆ ಹಿಡಿದರು. ಮುಂದೆ ಭೋರ್ ಘಾಟಿನ ಸುರಂಗಗಳು, ಮುಂಬಯಿಗೆ ತಾನ್ಸಾ ಜಲಾಶಯದಿಂದ ನೀರು ತರುವ ಕೊಳವೆಮಾರ್ಗ, ಹೀಗೆ ಅವರ ಕೆಲಸ ಬೆಳೆಯಿತು. 1926ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಈ ಬೇರಿನಿಂದಲೇ ಚಿಗುರಿದ್ದು.

ಹಡಗಿನ ಪ್ರಸಂಗ ಅವರ ಬದುಕಿನಲ್ಲಿ ಬಂದದ್ದು ಆಕಸ್ಮಿಕವಾಗಿ. 1919ರಲ್ಲಿ ದೆಹಲಿಯಿಂದ ಮುಂಬಯಿಗೆ ರೈಲಿನಲ್ಲಿ ಬರುತ್ತಿದ್ದಾಗ ಪರಿಚಯದ ಆಂಗ್ಲರೊಬ್ಬರು ಒಂದು ಹಡಗು ಮಾರಾಟಕ್ಕಿದೆ ಎಂಬ ಸುದ್ದಿ ಹೇಳಿದರು. ಹಡಗಿನ ಹೆಸರು ಲಾಯಲ್ಟಿ. ಅದರ ಪೂರ್ವಚರಿತ್ರೆಯೇ ಸ್ವಾರಸ್ಯಕರ. 1890ರಲ್ಲಿ ಇಂಗ್ಲೆಂಡಿನಲ್ಲಿ ನೀರಿಗಿಳಿದಾಗ ಅದರ ಹೆಸರು ಎಂಪ್ರೆಸ್ ಆಫ್ ಇಂಡಿಯಾ. ಕೆನಡಾದ ವ್ಯಾಂಕೂವರಿಗೂ ಹಾಂಕಾಂಗಿಗೂ ನಡುವೆ ಪ್ರಯಾಣಿಕರನ್ನೂ ಅಂಚೆಯನ್ನೂ ಸಾಗಿಸುತ್ತಿದ್ದ ಐಷಾರಾಮಿ ಹಡಗು ಅದು. ಮೊದಲ ಮಹಾಯುದ್ಧ ಆರಂಭವಾದಾಗ ಗ್ವಾಲಿಯರಿನ ಮಹಾರಾಜ ಮಾಧವರಾವ್ ಸಿಂಧಿಯಾ ಅದನ್ನು ಕೊಂಡು, ಭಾರತೀಯ ಸೈನಿಕರಿಗಾಗಿ ಆಸ್ಪತ್ರೆ ಹಡಗಾಗಿ ಮಾರ್ಪಡಿಸಿದರು. 1915ರ ಜನವರಿಯಲ್ಲಿ ಅದಕ್ಕೆ ಲಾಯಲ್ಟಿ ಎಂದು ಹೊಸ ಹೆಸರಾಯಿತು. ಶ್ರೀಮಂತರು ನರ್ತಿಸುತ್ತಿದ್ದ ಹಡಗಿನಲ್ಲಿ ಗಾಯಾಳುಗಳ ಹಾಸಿಗೆಗಳು ಬಂದವು. ದೂರದ ರಣರಂಗಗಳಲ್ಲಿ ಕೈಕಾಲು ಕಳೆದುಕೊಂಡವರೂ ಜ್ವರ ಹಿಡಿದವರೂ ಅದನ್ನು ಹತ್ತಿ ತಾಯ್ನಾಡಿನ ಕಡೆಗೆ ಹೊರಟರು.

ಯುದ್ಧ ಮುಗಿದು ಹಡಗು ಬೇಡವಾದಾಗ ವಾಲಚಂದರು ಅದನ್ನು ನೋಡಲು ಧಾವಿಸಿದರು. ನರೋತ್ತಮ ಮೊರಾರ್ಜಿ, ಕಿಲಾಚಂದ್ ದೇವಚಂದ್, ಲಲ್ಲೂಭಾಯಿ ಸಾಮಲದಾಸ್ ಅವರೊಡನೆ ಸೇರಿ ಅದನ್ನು ಕೊಂಡರು. 1919ರ ಮಾರ್ಚ್ 27ರಂದು ಕಂಪನಿ ನೋಂದಣಿಯಾಯಿತು. ಹಡಗನ್ನು ಕೊಟ್ಟ ರಾಜಮನೆತನದ ಹೆಸರನ್ನೇ ಇಟ್ಟುಕೊಂಡು ಅದು ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಎನಿಸಿಕೊಂಡಿತು. ಒಂಬತ್ತೇ ದಿನಗಳಲ್ಲಿ, ಏಪ್ರಿಲ್ 5ರಂದು, ಲಾಯಲ್ಟಿ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಭಾರತೀಯ ಒಡೆತನದ ಹಡಗೊಂದು ಆ ಮಾರ್ಗದಲ್ಲಿ ಸಾಗಿದ ಆ ಘಟನೆಯ ನೆನಪಿಗಾಗಿಯೇ 1964ರಿಂದ ಕಡಲಯಾನ ದಿನದ ಆಚರಣೆ ನಡೆದುಬಂದಿದೆ.

ಹಡಗು ಲಾಭ ತರಲಿಲ್ಲ ಎಂಬುದನ್ನು ಆಚರಣೆಯ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಮೂರು ದಶಕ ಸವೆದಿದ್ದ ಹಡಗು ಅದು. 1923ರಲ್ಲಿ ಗುಜರಿಗೆ ಹೋಯಿತು. ಕಂಪನಿಗೆ ಅದಕ್ಕಿಂತ ದೊಡ್ಡ ಸಂಕಟ ಒದಗಿದ್ದು ಬೇರೆ ಕಡೆಯಿಂದ. ಭಾರತದ ಕರಾವಳಿ ಮತ್ತು ಬರ್ಮಾದ ನಡುವಿನ ಸಂಚಾರ ಲಾರ್ಡ್ ಇಂಚ್‌ಕೇಪರ ಬ್ರಿಟಿಷ್ ಇಂಡಿಯಾ ಕಂಪನಿಯ ಹಿಡಿತದಲ್ಲಿತ್ತು. ಸಿಂಧಿಯಾ ಕಂಪನಿಯನ್ನು ಹಣಿಯಲು ರಂಗೂನಿನಿಂದ ಮುಂಬಯಿಗೆ ಒಂದು ಟನ್ ಅಕ್ಕಿಯ ಸಾಗಣೆ ದರವನ್ನು 18 ರೂಪಾಯಿಯಿಂದ 6 ರೂಪಾಯಿಗೆ ಇಳಿಸಲಾಯಿತು. ಇದೇ ಬಗೆಯ ದರ ಸಮರವೇ ತೂತ್ತುಕುಡಿಯಲ್ಲಿ ವಿ. ಒ. ಚಿದಂಬರಂ ಪಿಳ್ಳೆಯವರ ಸ್ವದೇಶಿ ಹಡಗು ಕಂಪನಿಯನ್ನು ಮುಳುಗಿಸಿತ್ತು. ವಾಲಚಂದರು ಮುಳುಗಲಿಲ್ಲ, ಆದರೆ ಬಗ್ಗಬೇಕಾಯಿತು. ಹತ್ತು ವರ್ಷಗಳ ಒಪ್ಪಂದವೊಂದಕ್ಕೆ ಕಂಪನಿ ಸಹಿ ಹಾಕಿತು. ಅದರಂತೆ ಸಿಂಧಿಯಾ ಕಂಪನಿಯ ಹಡಗುಗಳ ಒಟ್ಟು ಸಾಮರ್ಥ್ಯ 75,000 ಟನ್ ಮೀರುವಂತಿರಲಿಲ್ಲ. 1929ರಲ್ಲಿ ನರೋತ್ತಮರು ಅಪಘಾತದಲ್ಲಿ ತೀರಿಕೊಂಡ ಮೇಲೆ ಕಂಪನಿಯ ಅಧ್ಯಕ್ಷತೆ ವಾಲಚಂದರ ಹೆಗಲಿಗೆ ಬಂತು.

ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ನಾನು ಈ ಅಧ್ಯಾಯದ ಬಗ್ಗೆ ಒಂದು ಪ್ರಬಂಧ ಬರೆದಿದ್ದೆ. ವಾಲಚಂದರು ದೇಶಾಭಿಮಾನದ ಹೆಸರಿನಲ್ಲಿ ಸರ್ಕಾರದ ರಕ್ಷಣೆ ಬೇಡಿದ ಬಂಡವಾಳಗಾರರೆಂದೂ, ಅಗ್ಗದ ದರದಿಂದ ಅಕ್ಕಿ ಕೊಳ್ಳುವವನಿಗೆ ಲಾಭವೇ ಆಗಿತ್ತೆಂದೂ ಅದರಲ್ಲಿ ವಾದಿಸಿದ್ದೆ. ಪ್ರಬಂಧಕ್ಕೆ ಒಳ್ಳೆಯ ಅಂಕಗಳು ಬಂದವು. ವಾದದಲ್ಲಿ ಸತ್ಯಾಂಶವಿಲ್ಲದಿರಲಿಲ್ಲ. ಅವರ ದೊಡ್ಡ ಯೋಜನೆಗಳೆಲ್ಲ ಸರ್ಕಾರವೇ ಗಿರಾಕಿಯಾಗಲಿ ಎಂಬ ನಿರೀಕ್ಷೆಯ ಮೇಲೆ ನಿಂತಿದ್ದವು. ಆದರೆ ಟನ್ನಿಗೆ ಇಷ್ಟು ರೂಪಾಯಿ ಎಂಬ ಲೆಕ್ಕದಲ್ಲಿ ಸೇರದ ಒಂದು ಬಾಬತ್ತು ಇದೆ. ಅದು ನನಗೆ ಹೊಳೆಯಲು 1940 ಮತ್ತು 1942ರ ಘಟನೆಗಳನ್ನು ಒಟ್ಟಿಗಿಟ್ಟು ಓದಬೇಕಾಯಿತು.

1940ರ ಮೇ 26ರಿಂದ ಜೂನ್ 4ರವರೆಗೆ, ಫ್ರಾನ್ಸಿನ ಡಂಕರ್ಕ್ ತೀರದಲ್ಲಿ ಜರ್ಮನ್ ಸೇನೆಯ ಬಲೆಗೆ ಸಿಕ್ಕಿದ್ದ 3,38,226 ಸೈನಿಕರನ್ನು ಬ್ರಿಟನ್ ಸಮುದ್ರಮಾರ್ಗವಾಗಿ ತೆರವುಗೊಳಿಸಿತು. ನಮ್ಮ ನಾಡಿನಿಂದ ಹೇಸರಗತ್ತೆಗಳೊಡನೆ ಹೋಗಿದ್ದ ಭಾರತೀಯ ಸಾಗಣೆ ದಳದ ಯೋಧರೂ ಅಲ್ಲಿದ್ದರು. ಬಹುಪಾಲು ಜನರನ್ನು ಹೊತ್ತು ತಂದದ್ದು ಯುದ್ಧನೌಕೆಗಳು ಮತ್ತು ದೊಡ್ಡ ಪ್ರಯಾಣಿಕ ಹಡಗುಗಳೇ. ಆದರೆ ಆಳವಿಲ್ಲದ ತೀರಕ್ಕೆ ಅವು ಬರಲಾರವಾದ್ದರಿಂದ ಮೀನುಗಾರರ ದೋಣಿಗಳು, ವಿಹಾರದ ದೋಣಿಗಳು, ಥೇಮ್ಸ್ ನದಿಯ ಸಣ್ಣ ಹಡಗುಗಳು ನೂರಾರು ಸಂಖ್ಯೆಯಲ್ಲಿ ಕಡಲ್ಗಾಲುವೆ ದಾಟಿದವು. ಉಳಿದುಬಂದ ಆ ದೋಣಿಗಳಿಗೆ ಇಂದು ಒಂದು ಸಂಘವಿದೆ, ಅವು ಮಾತ್ರ ಹಾರಿಸಬಹುದಾದ ಧ್ವಜವಿದೆ. ಐದು ವರ್ಷಗಳಿಗೊಮ್ಮೆ ಡಂಕರ್ಕಿಗೆ ಯಾತ್ರೆ ಹೋಗಿಬರುವ ಪದ್ಧತಿಯಿದೆ. ಒಂದು ದೋಣಿಯ ಮರದ ಹಲಗೆಯನ್ನೂ ಆ ಜನ ಮರೆಯಲಿಲ್ಲ.

ಡಂಕರ್ಕಿನ ಅಲೆ ಬೆಂಗಳೂರಿಗೂ ಬಡಿಯಿತು. 1939ರಲ್ಲಿ ಅಮೆರಿಕದಿಂದ ಹಿಂದಿರುಗುವಾಗ ವಾಲಚಂದರಿಗೆ ವಿಮಾನ ತಯಾರಿಕೆಯ ಉದ್ಯಮಿ ವಿಲಿಯಂ ಪಾಲಿಯವರ ಭೇಟಿಯಾಗಿತ್ತು. ಭಾರತದಲ್ಲಿ ವಿಮಾನ ಕಾರ್ಖಾನೆ ಸ್ಥಾಪಿಸುವ ಪ್ರಸ್ತಾವವನ್ನು ಅವರು ಮುಂದಿಟ್ಟಾಗ ಬ್ರಿಟಿಷ್ ಸರ್ಕಾರ ಉತ್ಸಾಹ ತೋರಲಿಲ್ಲ. ಫ್ರಾನ್ಸ್ ಶರಣಾಗಿ, ಬ್ರಿಟನ್ನಿನಿಂದ ಪೂರ್ವಕ್ಕೆ ವಿಮಾನಗಳು ಬರುವ ಭರವಸೆ ಕಳಚಿದ ಮೇಲೆ ಅದೇ ಸರ್ಕಾರ ಒಪ್ಪಿಗೆ ನೀಡಿತು. ಜಾಗಕ್ಕಾಗಿ ಹಲವು ಸಂಸ್ಥಾನಗಳ ಕಡೆ ನೋಡಿದ ವಾಲಚಂದರಿಗೆ ಮೈಸೂರು ಕೈಕೊಟ್ಟು ಕರೆಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಮೋಟಾರು ಕಾರ್ಖಾನೆಯ ಯೋಜನೆಯಲ್ಲಿ ಜೊತೆಗೂಡಿದ್ದರಿಂದ ಅವರಿಗೆ ಈ ನಾಡು ಹೊಸದಾಗಿರಲಿಲ್ಲ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತ ಸುಮಾರು 700 ಎಕರೆ ಜಮೀನು ನೀಡಿತು, 25 ಲಕ್ಷ ರೂಪಾಯಿ ತೊಡಗಿಸಿತು. 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಅಸ್ತಿತ್ವಕ್ಕೆ ಬಂತು. ನಮ್ಮ ತಂದೆಯವರಂಥ ಸುತ್ತಲ ಹಳ್ಳಿಗಳ ಹುಡುಗರು, ನೇಗಿಲು ಮತ್ತು ಕಪಿಲೆ ಬಿಟ್ಟರೆ ಬೇರೆ ಯಂತ್ರ ಕಾಣದವರು, ರಿವೆಟ್ ಹೊಡೆಯುವುದನ್ನು ಕಲಿತರು.

ಹಡಗನ್ನು ಇಲ್ಲಿಯೇ ಕಟ್ಟಬೇಕೆಂಬುದು ವಾಲಚಂದರ ಇನ್ನೊಂದು ಹಟ. 1941ರ ಜೂನ್ 21ರಂದು ವಿಶಾಖಪಟ್ಟಣದಲ್ಲಿ ಬಾಬು ರಾಜೇಂದ್ರ ಪ್ರಸಾದರಿಂದ ಹಡಗುಕಟ್ಟೆಯ ಶಂಕುಸ್ಥಾಪನೆ ನಡೆಯಿತು. ಆದರೆ ಕಾಲ ಅವರಿಗಾಗಿ ಕಾಯಲಿಲ್ಲ. 1941ರ ಡಿಸೆಂಬರ್ 23ರಂದು ಜಪಾನೀಯರ ಬಾಂಬುಗಳು ರಂಗೂನಿನ ಮೇಲೆ ಬಿದ್ದವು. ಬೆಂಗಳೂರಿನ ಕಾರ್ಖಾನೆಗೆ ಅಂದು ಸರಿಯಾಗಿ ಒಂದು ವರ್ಷ ತುಂಬಿತ್ತು.

ಆಗ ಬರ್ಮಾದಲ್ಲಿ ಹತ್ತು ಲಕ್ಷದಷ್ಟು ಭಾರತೀಯರಿದ್ದರು. ರಂಗೂನಿನ ಬಂದರಿನಲ್ಲಿ ಮೂಟೆ ಹೊರುವವರು, ಗಿರಣಿ ಕಾರ್ಮಿಕರು, ಗುಮಾಸ್ತರು, ವೈದ್ಯರು, ಲೇವಾದೇವಿಗಾರರು ಎಲ್ಲರೂ ಅವರಲ್ಲಿದ್ದರು. ಬಾಂಬು ಬಿದ್ದೊಡನೆ ಜನ ಬಂದರಿಗೆ ಓಡಿದರು. ಪ್ರಯಾಣಿಕರ ಸಂಚಾರ ಬಹುಪಾಲು ಬ್ರಿಟಿಷ್ ಇಂಡಿಯಾ ಕಂಪನಿಯ ಕೈಯಲ್ಲಿತ್ತು. ಇದ್ದ ಹಡಗುಗಳಲ್ಲಿ ಕ್ಯಾಬಿನ್ನಿನ ಹಣ ತೆರಬಲ್ಲವರಿಗೆ ಜಾಗ ಸಿಕ್ಕಿತು. ಬಂದರಿನ ಕೆಲಸ ನಿಂತುಹೋದೀತೆಂದು, ದುಡಿಯುವ ವಯಸ್ಸಿನ ಗಂಡಸರಿಗೆ ಡೆಕ್ ದರ್ಜೆಯ ಟಿಕೆಟ್ ಕೊಡದಂತೆ ಅಲ್ಲಿನ ಸರ್ಕಾರ ತಡೆಹಾಕಿತು. 1942ರ ಮಾರ್ಚ್ 8ರಂದು ರಂಗೂನು ಬೀಳುವ ಮುನ್ನ ಸಮುದ್ರಮಾರ್ಗವಾಗಿ ಪಾರಾದವರು ಸುಮಾರು 70 ಸಾವಿರ. ಉಳಿದವರು ನಡೆದರು. ಅರಕಾನ್ ಬೆಟ್ಟಗಳನ್ನು ದಾಟಿ, ಮಣಿಪುರದ ಕಾಡುಗಳ ಮೂಲಕ, ಹುಕಾಂಗ್ ಕಣಿವೆಯ ಕೆಸರಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ನಡೆದು ಬಂದರು. ಕಾಲರಾ, ಮಲೇರಿಯಾ, ಹಸಿವುಗಳಿಂದ ದಾರಿಯಲ್ಲಿ ಸತ್ತವರ ಸಂಖ್ಯೆ ಹತ್ತಾರು ಸಾವಿರ. ಸರಿಯಾದ ಎಣಿಕೆಯನ್ನು ಯಾವ ಕಚೇರಿಯೂ ಇಡಲಿಲ್ಲ.

ನನ್ನ ಹಳೆಯ ಪ್ರಬಂಧದಲ್ಲಿ ಸೇರದ ಬಾಬತ್ತು ಇದೇ. ಇಪ್ಪತ್ತು ವರ್ಷ ಮೊದಲು ಯಾರ ಹಡಗುಗಳು ಬೆಳೆಯಬಹುದು, ಯಾರವು 75,000 ಟನ್ನಿಗೆ ನಿಲ್ಲಬೇಕು ಎಂದು ನಿರ್ಧರಿಸಿದಾಗ, ಮುಂದೊಂದು ದಿನ ಜೆಟ್ಟಿಯ ಮೇಲೆ ಯಾರು ಉಳಿಯುತ್ತಾರೆಂಬ ನಿರ್ಧಾರದ ಒಂದು ಭಾಗವೂ ಆಗಿಹೋಗಿತ್ತು. ಭಾರತೀಯ ಒಡೆತನದ ಹಡಗುಗಳು ಹೆಚ್ಚಿದ್ದರೆ ಎಲ್ಲರೂ ಬದುಕುತ್ತಿದ್ದರೆಂದು ನಾನು ಹೇಳಲಾರೆ. ಹಡಗಿನ ಒಡೆಯ ಯಾರಾದರೂ ಯುದ್ಧಕಾಲದಲ್ಲಿ ಅಪ್ಪಣೆ ಸರ್ಕಾರದ್ದು. ಆ ಸರ್ಕಾರ ನಮ್ಮದಾಗಿರಲಿಲ್ಲ. ಆದರೆ ಶಾಂತಿಕಾಲದಲ್ಲಿ ಅಕ್ಕಿ ಹೊರುವ ಹಡಗೇ ಸಂಕಟಕಾಲದಲ್ಲಿ ಮನುಷ್ಯರನ್ನು ಹೊರುವುದು. ಅಂದು ಉಳಿಸಿದ ಆ ಹನ್ನೆರಡು ರೂಪಾಯಿಯ ಬೆಲೆಯನ್ನು ಅಕ್ಕಿ ಕೊಂಡವನು ತೆರಲಿಲ್ಲ. ಕಾಡಿನಲ್ಲಿ ನಡೆದವನು ತೆತ್ತ.

ಯುದ್ಧವು ವಾಲಚಂದರಿಂದಲೂ ಬೆಲೆ ಪಡೆಯಿತು. 1942ರ ಏಪ್ರಿಲ್ 6ರಂದು ಜಪಾನೀ ವಿಮಾನಗಳು ವಿಶಾಖಪಟ್ಟಣದ ಮೇಲೆ ದಾಳಿ ಮಾಡಿದವು. ಆ ದಿನಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವ್ಯಾಪಾರಿ ಹಡಗುಗಳು ಮುಳುಗಿದವು. ಹಡಗುಕಟ್ಟೆಯ ಕೆಲಸ ಸ್ಥಗಿತವಾಯಿತು. ಅದೇ ತಿಂಗಳು ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ವಾಲಚಂದರು ತಮ್ಮ ಪಾಲನ್ನು ಬಿಟ್ಟುಕೊಡಬೇಕಾಯಿತು. ಮರುವರ್ಷ ಅಮೆರಿಕನ್ ಸೇನೆ ಬಂದು ಅದನ್ನು ದುರಸ್ತಿಯ ಕೇಂದ್ರವಾಗಿಸಿತು. ಬೆಳ್ಳಂದೂರು ಕೆರೆಗೆ ಹಾರುವ ದೋಣಿಗಳು ಇಳಿದದ್ದು ಆಗಲೇ. ಹಜ್ ಯಾತ್ರಿಕರಿಗೆಂದು ಸಿಂಧಿಯಾ ಕಂಪನಿ ಕಟ್ಟಿಸಿದ್ದ ಎಲ್ ಮದೀನಾ ಹಡಗು ಯುದ್ಧದಲ್ಲಿ ಸೈನಿಕರನ್ನು ಸಾಗಿಸತೊಡಗಿತ್ತು. 1944ರ ಮಾರ್ಚ್ 16ರಂದು ಬಂಗಾಳ ಕೊಲ್ಲಿಯಲ್ಲಿ ಜಪಾನೀ ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ ಅದು ಮುಳುಗಿತು. ನೂರಾರು ಮಂದಿ ಸತ್ತರು.

ಸ್ವಾತಂತ್ರ್ಯ ಬಂದ ಮೇಲೆ, 1948ರ ಮಾರ್ಚ್ 14ರಂದು, ವಿಶಾಖಪಟ್ಟಣದಲ್ಲಿ ಕಟ್ಟಿದ ಜಲ ಉಷಾ ಹಡಗನ್ನು ಪ್ರಧಾನಿ ನೆಹರೂ ನೀರಿಗಿಳಿಸಿದರು. ವಾಲಚಂದರ ಬದುಕಿನ ತೃಪ್ತಿಯ ದಿನ ಅದಾಗಿರಬೇಕು. ಮರುವರ್ಷವೇ ಪಾರ್ಶ್ವವಾಯು ಬಡಿಯಿತು. 1950ರಲ್ಲಿ ವ್ಯವಹಾರದಿಂದ ನಿವೃತ್ತರಾದರು. 1952ರಲ್ಲಿ ಹಡಗುಕಟ್ಟೆಯ ಬಹುಪಾಲು ಒಡೆತನ ಸರ್ಕಾರದ ಕೈಸೇರಿತು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ವಾಲಚಂದರು ನಿಧನರಾದರು. ಲಾಯಲ್ಟಿ ಹೊರಟ ದಿನದ ಮೂವತ್ತನಾಲ್ಕನೆಯ ವರ್ಷ ತುಂಬಿ ಆಗ ಮೂರು ದಿನವಾಗಿತ್ತು. ಅವರು ನೆಟ್ಟ ಗಿಡಗಳಲ್ಲಿ ಕೆಲವು ಸರ್ಕಾರದ ತೋಟದಲ್ಲಿ ಬೆಳೆದವು, ಸಿಂಧಿಯಾ ಕಂಪನಿಯಂಥ ಕೆಲವು ಒಣಗಿಹೋದವು. 2004ರಲ್ಲಿ ಅಂಚೆ ಇಲಾಖೆ ಅವರ ಹೆಸರಿನಲ್ಲಿ ಅಂಚೆಚೀಟಿ ಹೊರಡಿಸಿತು.

ಅವರನ್ನು ಪೂಜಿಸಬೇಕೆಂದು ನಾನು ಹೇಳುತ್ತಿಲ್ಲ. ಸ್ವಂತ ಲಾಭವನ್ನೂ ದೇಶದ ಹಿತವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದವರು ಅವರು. ಎರಡೂ ತಟ್ಟೆ ಸದಾ ಸಮವಾಗಿರಲಿಲ್ಲ. ನನ್ನ ತಕರಾರು ನಮ್ಮ ಆಚರಣೆಯ ಬಗ್ಗೆ. ಏಪ್ರಿಲ್ 5ರಂದು ನಾವು ನೆನೆಯುವುದು ಹಡಗಿನ ಒಡೆತನವನ್ನು, ಅದರೊಳಗಿದ್ದ ಮನುಷ್ಯರನ್ನಲ್ಲ. ಅದೇ ಲಾಯಲ್ಟಿ ನಾಲ್ಕು ವರ್ಷ ಗಾಯಾಳುಗಳನ್ನು ಹೊತ್ತಿತ್ತು ಎಂಬುದು ಯಾವ ಭಾಷಣದಲ್ಲೂ ಬರುವುದಿಲ್ಲ. ರಂಗೂನಿನ ಜೆಟ್ಟಿಯಲ್ಲಿ ಟಿಕೆಟ್ ಸಿಗದೆ ಹಿಂದಿರುಗಿದವರಿಗೆ ನಮ್ಮಲ್ಲಿ ಒಂದು ದಿನವೂ ಇಲ್ಲ, ಒಂದು ಧ್ವಜವೂ ಇಲ್ಲ.

1990ರಲ್ಲಿ ನಾನು ಕರಾವಳಿಯ ತಾಲ್ಲೂಕೊಂದರಲ್ಲಿ ಕಿರಿಯ ಅಧಿಕಾರಿಯಾಗಿದ್ದೆ. ಆ ಆಗಸ್ಟಿನಲ್ಲಿ ಇರಾಕ್ ಸೇನೆ ಕುವೈತನ್ನು ಆಕ್ರಮಿಸಿತ್ತು. ಸುಮಾರು 1.7 ಲಕ್ಷ ಭಾರತೀಯರು ಅಲ್ಲಿಂದ ಮರಳಿದರು. ಹೆಚ್ಚಿನವರು ಏರ್ ಇಂಡಿಯಾ ವಿಮಾನಗಳಲ್ಲಿ ಬಂದರು. ಕೆಲವರನ್ನು ಇರಾಕಿನ ಉಮ್ ಕಸ್ರ್ ಬಂದರಿನಿಂದ ದುಬೈಗೆ ಪ್ರಯಾಣಿಕ ಹಡಗುಗಳು ತಂದವು. ಮರಳಿ ಬಂದವರ ವಿವರ ದಾಖಲಿಸುವುದು ನನ್ನ ಕೆಲಸ. ಒಬ್ಬ ಬಡಗಿ ನನ್ನ ಮೇಜಿನ ಮುಂದೆ ನಿಂತು, ತಾನು ಬಂದ ಹಡಗಿನ ಹೆಸರು ಟಿಪ್ಪು ಸುಲ್ತಾನ್ ಎಂದ. ನಾನು ತಲೆಯೆತ್ತಿ ನೋಡಿದೆ. ಟಿಪ್ಪು ಹುಟ್ಟಿದ ದೇವನಹಳ್ಳಿ ನಮ್ಮ ಜಿಲ್ಲೆಯದು ಎಂದು ಅವನಿಗೆ ಹೇಳಬೇಕೆನ್ನಿಸಿತು. ಸಾಲು ಉದ್ದವಿತ್ತು, ಹೇಳಲಿಲ್ಲ. ನಮೂನೆಯಲ್ಲಿ ಹಡಗಿನ ಹೆಸರು ಬರೆಯಲು ಅಂಕಣವೂ ಇರಲಿಲ್ಲ. ಕಳೆದುಕೊಂಡ ಆಸ್ತಿಯ ಮೊತ್ತಕ್ಕೆ ಮಾತ್ರ ಜಾಗವಿತ್ತು. 2015ರಲ್ಲಿ ಯೆಮನ್ ಯುದ್ಧದಿಂದ ಜನರನ್ನು ಕರೆತರಲು ಕೇಂದ್ರ ಸರ್ಕಾರ ಲಕ್ಷದ್ವೀಪದ ಪ್ರಯಾಣಿಕ ಹಡಗುಗಳಾದ ಕವರತ್ತಿ ಮತ್ತು ಕೋರಲ್ಸ್‌ಗಳನ್ನು ಕೊಚ್ಚಿಯಿಂದ ಕಳಿಸಿದ ಸುದ್ದಿ ಓದಿದಾಗ ನನಗೆ ಆ ಬಡಗಿಯ ಮುಖವೇ ಕಣ್ಣಮುಂದೆ ಬಂತು.

2008ರಿಂದ ವಿಮಾನಗಳು ದೇವನಹಳ್ಳಿಯ ಕಡೆಗೆ ತಿರುಗಿವೆ. ಬೆಳ್ಳಂದೂರು ಕೆರೆ ನೊರೆ ಮತ್ತು ಬೆಂಕಿಗೆ ಕುಖ್ಯಾತವಾಯಿತು. ಒಂದು ಕಾಲಕ್ಕೆ ಅಲ್ಲಿ ವಿಮಾನಗಳು ಇಳಿಯುತ್ತಿದ್ದವೆಂದರೆ ಮಕ್ಕಳು ನಂಬುವುದಿಲ್ಲ. ಆ ಏರಿಯ ಮೇಲೆ ಒಂದು ಫಲಕ ಹಾಕಿಸುವುದು ದೊಡ್ಡ ಖರ್ಚಿನ ಮಾತಲ್ಲ. ಕಡಲಯಾನ ದಿನದ ಸಭೆಗಳಲ್ಲಿ ಟನ್ನುಗಳ ಅಂಕಿಅಂಶ ಓದುವ ಮೊದಲು ಲಾಯಲ್ಟಿಯ ಗಾಯಾಳುಗಳನ್ನೂ, ಬರ್ಮಾದಿಂದ ನಡೆದು ಬಂದವರನ್ನೂ ಎರಡು ನಿಮಿಷ ನೆನೆಯುವುದು ಖರ್ಚಿಲ್ಲದ ಕೆಲಸ. ಈಗಂತೂ ನಮ್ಮ ಜನ ಬರ್ಮಾದ ಕಾಲಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಸಂಖ್ಯೆಯಲ್ಲಿ ಹೊರದೇಶಗಳಲ್ಲಿ ದುಡಿಯುತ್ತಿದ್ದಾರೆ. ಅವರ ಮನೆಗಳು ಹೊಸಕೋಟೆಯಲ್ಲೂ ಇವೆ, ದೊಡ್ಡಬಳ್ಳಾಪುರದಲ್ಲೂ ಇವೆ. ನಾಳೆ ಎಲ್ಲಿಯಾದರೂ ಯುದ್ಧ ಹೊತ್ತಿಕೊಂಡರೆ ಅವರನ್ನು ತರುವ ಹಡಗು ಅಂದೇ ಹುಟ್ಟುವುದಿಲ್ಲ. ಅದು ಇಂದು ಎಲ್ಲೋ ಸರಕು ಹೊತ್ತು ತಿರುಗುತ್ತಿರಬೇಕು. ಹಡಗುಗಳ ಸಬ್ಸಿಡಿ ಬೇಕೇ ಬೇಡವೇ ಎಂಬ ಚರ್ಚೆ ಪ್ರತಿ ಬಜೆಟ್ಟಿನ ಹೊತ್ತಿಗೆ ಏಳುತ್ತದೆ. ಆ ಚರ್ಚೆಯಲ್ಲಿ ಪಾಲ್ಗೊಳ್ಳುವ ಅರ್ಥಶಾಸ್ತ್ರಜ್ಞರು, ನಾನು ನನ್ನ ಪ್ರಬಂಧದಲ್ಲಿ ಬಿಟ್ಟ ಆ ಒಂದು ಬಾಬತ್ತನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.